ಪೆನ್ಸಿಲ್ವೇನಿಯದ ನೀಳ್ಗೋವಿಯ ಮರ: ಅದರ ಬಣ್ಣವೂ ಮೆರುಗೂ

ಹದಿನೆಂಟನೆಯ ಶತಮಾನದಲ್ಲಿ ಅಮೆರಿಕದ ಪೆನ್ಸಿಲ್ವೇನಿಯ ಸೀಮೆಯಲ್ಲಿ ಕೈಗೆಲಸದಿಂದ ತಯಾರಾದ ಉದ್ದ ನಳಿಗೆಯ ಬೇಟೆಕೋವಿಗಳು ಆ ದೇಶದ ವಸ್ತುಸಂಗ್ರಹಾಲಯಗಳಲ್ಲಿಯೂ ಖಾಸಗಿ ಸಂಗ್ರಹಗಳಲ್ಲಿಯೂ ಈಗಲೂ ಅನೇಕವಾಗಿ ಉಳಿದಿವೆ. ಅವುಗಳಲ್ಲಿ ಬಹುಪಾಲಿನ ಮರದ ಭಾಗವು ಗಟ್ಟಿ ಕಾಫಿಯ ಕಷಾಯದಂತೆ ಕಡುಗಂದಾಗಿ, ಕೈ ತಾಗುವ ಎಡೆಗಳಲ್ಲಿ ಇನ್ನೂ ಕಪ್ಪಾಗಿ ಕಾಣುತ್ತದೆ. ಇದೇ ಆ ಕಾಲದ ಕಸಬುದಾರರು ಮೆಚ್ಚಿ ಕೊಟ್ಟ ಬಣ್ಣವೆಂದು ನೋಡಿದವರು ತಿಳಿಯುವುದು ಸಹಜವೇ. ಸಂಗ್ರಹಕಾರರಲ್ಲಿ ಅನೇಕರು ಬಹುಕಾಲ ಹಾಗೆಯೇ ತಿಳಿದಿದ್ದರು. ಹೊಸದಾಗಿ ಹಳೆಯ ಮಾದರಿಯ ಕೋವಿಗಳನ್ನು ಮಾಡತೊಡಗಿದವರೂ ಅದೇ ಕಡುಗಂದನ್ನು ಗುರಿಯಾಗಿಟ್ಟುಕೊಂಡು ಮರಕ್ಕೆ ಬಣ್ಣವೇರಿಸಿದರು. ಆದರೆ ಕೋವಿಯು ತನ್ನನ್ನು ಮಾಡಿದವನ ಅಂಗಡಿಯನ್ನು ಬಿಟ್ಟು ಹೊರಟ ದಿನ ಅದರ ಮರ ಯಾವ ಬಣ್ಣದಲ್ಲಿತ್ತು ಎಂಬ ಪ್ರಶ್ನೆಗೆ, ಎರಡು ನೂರೈವತ್ತು ವರ್ಷಗಳ ತರುವಾಯ ಕಣ್ಣಿಗೆ ಬೀಳುವ ಬಣ್ಣವು ನೇರವಾದ ಉತ್ತರವಾಗಲಾರದು. ಬಣ್ಣವನ್ನು ಯಾವ ದ್ರವ್ಯದಿಂದ, ಯಾವ ಕ್ರಮದಿಂದ ಕಟ್ಟುತ್ತಿದ್ದರು, ಆ ದ್ರವ್ಯಗಳು ಕಾಲಕ್ರಮದಲ್ಲಿ ಏನಾಗುತ್ತವೆ ಎಂಬುದನ್ನು ತಿಳಿದ ಮೇಲೆಯೇ ಆ ಪ್ರಶ್ನೆಯನ್ನು ವಿಚಾರಿಸಲು ಸಾಧ್ಯ.

ಮೊದಲು ಕೋವಿಯ ಪರಿಚಯ. ಇದರ ವಂಶ ಜರ್ಮನಿಯದು. ಹದಿನೆಂಟನೆಯ ಶತಮಾನದ ಪೂರ್ವಾರ್ಧದಲ್ಲಿ ಪೆನ್ಸಿಲ್ವೇನಿಯಕ್ಕೆ ಬಂದು ನೆಲಸಿದ ಜರ್ಮನ್ ಮತ್ತು ಸ್ವಿಸ್ ವಲಸೆಗಾರರು ತಮ್ಮೊಡನೆ ‘ಯೇಗರ್’ ಎಂಬ ಬೇಟೆಗಾರರ ಕೋವಿಯನ್ನು ತಂದರು. ಅದು ಗಿಡ್ಡ ನಳಿಗೆಯದು, ದಪ್ಪ ಗುಂಡಿನದು. ನಳಿಗೆಯ ಒಳಮೈಯಲ್ಲಿ ತಿರುಚಿ ಕೊರೆದ ಗೀರುಗಳಿದ್ದು, ಅವು ಗುಂಡನ್ನು ಗಿರಗಿರನೆ ತಿರುಗಿಸಿ ಗುರಿ ತಪ್ಪದಂತೆ ಕಳುಹುತ್ತಿದ್ದವು. ೧೭೩೦ರಲ್ಲಿ ಸ್ಥಾಪಿತವಾದ ಲ್ಯಾಂಕಾಸ್ಟರ್ ಪಟ್ಟಣದ ಸುತ್ತಮುತ್ತ ಈ ಕೋವಿಯು ಕ್ರಮೇಣ ಬೇರೊಂದು ರೂಪವನ್ನು ತಾಳಿತು. ನಳಿಗೆ ೪೨ರಿಂದ ೪೬ ಅಂಗುಲದವರೆಗೆ ಉದ್ದವಾಯಿತು, ಗುಂಡು ಸಣ್ಣದಾಯಿತು, ಮದ್ದು ಸೀಸಗಳ ಖರ್ಚು ತಗ್ಗಿತು. ಮದ್ದನ್ನೂ, ಎಣ್ಣೆಬಟ್ಟೆಯಲ್ಲಿ ಸುತ್ತಿದ ಗುಂಡನ್ನೂ ನಳಿಗೆಯ ಬಾಯಿಂದಲೇ ಇಳಿಸಿ, ಗಜದಿಂದ ದೂಡಿ, ಚಕಮಕಿ ಕಲ್ಲಿನ ಕಿಡಿಯಿಂದ ಹಾರಿಸುವ ಕ್ರಮ ಮಾತ್ರ ಮೊದಲಿನಂತೆಯೇ ಉಳಿಯಿತು. ೧೭೭೫ನೆಯ ಜೂನ್ ೧೪ರಂದು ಅಮೆರಿಕದ ವಸಾಹತುಗಳ ಮಹಾಸಭೆಯು ಇಂಗ್ಲೆಂಡಿನ ವಿರುದ್ಧ ಹೋರಾಡಲು ಈ ಬಗೆಯ ಕೋವಿಯುಳ್ಳ ಗುರಿಗಾರರ ಹತ್ತು ತುಕಡಿಗಳನ್ನು ಕೂಡಿಸಲು ನಿರ್ಣಯಿಸಿದಾಗ, ಆರು ತುಕಡಿಗಳು ಪೆನ್ಸಿಲ್ವೇನಿಯದಿಂದಲೇ ಬರಬೇಕೆಂದು ಗೊತ್ತುಮಾಡಿತು. ‘ಕೆಂಟಕಿ ರೈಫಲ್’ ಎಂದು ಲೋಕದಲ್ಲಿ ಪ್ರಸಿದ್ಧವಾದ ಹೆಸರು ೧೮೧೫ರ ನ್ಯೂ ಆರ್ಲಿಯನ್ಸ್ ಯುದ್ಧದ ತರುವಾಯ ಜನಪ್ರಿಯವಾದುದು. ಹುಟ್ಟಿದ ಊರನ್ನು ಅದು ಸೂಚಿಸುವುದಿಲ್ಲ. ಆದಕಾರಣ ಇಲ್ಲಿ ನೀಳ್ಗೋವಿ ಎಂಬ ಮಾತನ್ನೇ ಬಳಸಿದೆ. ನಳಿಗೆಯನ್ನು ಅದರ ತುದಿಯವರೆಗೂ ಹೊತ್ತು, ಹಿಂಭಾಗದಲ್ಲಿ ಅಗಲವಾಗಿ ಹೆಗಲಿಗೆ ತಾಗುವ ಅಖಂಡವಾದ ಮರದ ಭಾಗವನ್ನು ಕೋವಿಮರವೆಂದು ಕರೆದಿದೆ.

ಯೇಗರ್ ಕೋವಿಗಳ ಮರ ಸಾಮಾನ್ಯವಾಗಿ ಅಕ್ರೋಟಿನದು. ಮೇಪಲ್ ಮೊದಲಾದ ಇತರ ಮರಗಳನ್ನು ಜರ್ಮನಿಯಲ್ಲಿಯೂ ಬಳಸುತ್ತಿದ್ದುದುಂಟಾದರೂ ಅಕ್ರೋಟಿನದೇ ಮೇಲುಗೈ. ಅಕ್ರೋಟು ಹುಟ್ಟಿನಿಂದಲೇ ಕಂದುಬಣ್ಣದ ಮರವಾದುದರಿಂದ ಅದಕ್ಕೆ ಎಣ್ಣೆಯೊಂದನ್ನು ತಿಕ್ಕಿದರೆ ಸಾಕು, ಬಣ್ಣದ ಹಂಗಿಲ್ಲ. ಪೆನ್ಸಿಲ್ವೇನಿಯದ ಕಾಡುಗಳಲ್ಲಿ ಕರಿ ಅಕ್ರೋಟಿನ ಮರಗಳಿಗೆ ಬರವಿರಲಿಲ್ಲ. ಆದರೂ ಅಲ್ಲಿನ ಕಸಬುದಾರರು ಅಧಿಕವಾಗಿ ಆರಿಸಿಕೊಂಡದ್ದು ಹಾಲುಬಿಳುಪಿನ ಮೇಪಲ್ ಮರವನ್ನು. ಇದು ಅಭಾವದಿಂದ ಬಂದ ಆಯ್ಕೆಯಲ್ಲವೆಂಬುದು ಸ್ಪಷ್ಟ. ಮೇಪಲ್ ಗಟ್ಟಿಯಾದುದು, ಸಣ್ಣ ಎಳೆಯದು; ಕೆತ್ತನೆಯ ಅಂಚು ಅದರಲ್ಲಿ ಮುರಿಯದೆ ನಿಲ್ಲುತ್ತದೆ. ಇವೆಲ್ಲಕ್ಕಿಂತ ಮಿಗಿಲಾದುದು ಅದರ ಅಲೆಪಟ್ಟೆ. ಸಕ್ಕರೆ ಮೇಪಲ್ ಮತ್ತು ಕೆಂಪು ಮೇಪಲ್ ಎಂಬ ಎರಡು ಜಾತಿಗಳಲ್ಲಿಯೂ ಕೆಲವು ಮರಗಳ ನಾರುಗಳು ನೆಟ್ಟಗೆ ಏರದೆ ಅಲೆಯಲೆಯಾಗಿ ಬಳುಕಿ ಏರುತ್ತವೆ. ಅಂತಹ ಮರವನ್ನು ಉದ್ದಕ್ಕೆ ಸೀಳಿದರೆ ಒಂದು ಪಟ್ಟಿಯಲ್ಲಿ ನಾರು ಅಡ್ಡಲಾಗಿ ಮಲಗಿರುತ್ತದೆ, ಮುಂದಿನ ಪಟ್ಟಿಯಲ್ಲಿ ತುದಿಯನ್ನು ಮೇಲೆತ್ತಿರುತ್ತದೆ. ಬೆಳಕು ಒಂದರ ಮೇಲೆ ಮಿಂಚಿ ಮತ್ತೊಂದರಲ್ಲಿ ಅಡಗುವುದರಿಂದ ಹುಲಿಯ ಮೈಯ ಪಟ್ಟೆಗಳ ಭಾಸವುಂಟಾಗುತ್ತದೆ. ಇಟಲಿಯ ಕ್ರೆಮೋನದ ಪಿಟೀಲುಗಳ ಬೆನ್ನಿನಲ್ಲಿ ಕಾಣುವುದೂ ಇದೇ ಅಲೆಪಟ್ಟೆ. ಅವೂ ಮೇಪಲ್ ಮರದವೇ.

ಆದರೆ ಬಿಳಿಯ ಮರದಲ್ಲಿ ಈ ಪಟ್ಟೆ ಮುಸುಕಾಗಿರುತ್ತದೆ. ಬಣ್ಣ ಬಿದ್ದ ಹೊರತು ಎದ್ದು ಕಾಣದು. ನೀಳ್ಗೋವಿಯ ಬಣ್ಣದ ಚರಿತ್ರೆಯೆಲ್ಲವೂ ಈ ಒಂದು ಸಂಗತಿಯಿಂದ ಹೊರಡುತ್ತದೆ. ಮೇಲುಮೈಯನ್ನು ಮುಚ್ಚುವ ಬಣ್ಣ ಇಲ್ಲಿ ನಿರುಪಯೋಗಿ. ಏಕೆಂದರೆ ಅದು ಪಟ್ಟೆಯನ್ನು ಹೂಳಿಬಿಡುತ್ತದೆ. ನಾರಿನೊಳಕ್ಕೆ ಇಳಿದು, ತುದಿಯೆತ್ತಿದ ಪಟ್ಟಿಗಳಲ್ಲಿ ಹೆಚ್ಚಾಗಿಯೂ ಮಲಗಿದ ಪಟ್ಟಿಗಳಲ್ಲಿ ಕಡಿಮೆಯಾಗಿಯೂ ಹೀರಲ್ಪಡುವ ದ್ರವವೇ ಬೇಕು. ಕಸಬುದಾರನ ಕೆಲಸ ಮರಕ್ಕೆ ಬಣ್ಣ ಬಳಿಯುವುದಲ್ಲ, ಮರದಲ್ಲಿ ಮೊದಲೇ ಇದ್ದುದನ್ನು ಓದುವಂತೆ ಮಾಡುವುದು. ಓಲೆಯ ಮೇಲೆ ಕಂಠದಿಂದ ಕೊರೆದ ಅಕ್ಷರಗಳು ಮಸಿಯನ್ನು ತಿಕ್ಕುವವರೆಗೂ ಕಣ್ಣಿಗೆ ಕಾಣವು. ತಿಕ್ಕಿದ ಒಡನೆ ಗೀರಿನಲ್ಲಿ ಮಸಿ ನಿಂತು, ಉಳಿದೆಡೆ ಒರಸಿಹೋಗಿ, ಬರಹ ಎದ್ದುನಿಲ್ಲುತ್ತದೆ. ಮೇಪಲ್ ಮರಕ್ಕೂ ಬಣ್ಣಕ್ಕೂ ಇರುವ ಸಂಬಂಧ ಹೆಚ್ಚುಕಡಮೆ ಇಂತಹುದೇ.

ಬಣ್ಣಕ್ಕೆ ಮುಂಚೆ ಮೈಯನ್ನು ಹದಮಾಡಬೇಕು. ಯಂತ್ರದಿಂದ ಹೇರಳವಾಗಿ ತಯಾರಾಗುವ ಉಪ್ಪುಕಾಗದ ಹತ್ತೊಂಬತ್ತನೆಯ ಶತಮಾನದ ಮಾತು. ಅದಕ್ಕೆ ಹಿಂದೆ ಮರದ ಮೈಯನ್ನು ಮುಖ್ಯವಾಗಿ ಚೂಪಾದ ಉಕ್ಕಿನ ತಗಡಿನಿಂದ ಹೆರೆದು ನಯಮಾಡುತ್ತಿದ್ದರು; ಕೊನೆಗೆ ಮರಳಿನಂಶವುಳ್ಳ ಒಂದು ಬಗೆಯ ಒರಟು ಜೊಂಡಿನಿಂದ ತಿಕ್ಕುವುದೂ ಉಂಟು. ಹೆರೆದ ಮರವನ್ನು ನೀರಿನಿಂದ ಒದ್ದೆಮಾಡಿ ಬೆಂಕಿಯ ಬಳಿ ಒಣಗಿಸಿದರೆ, ತುಂಡಾದ ನಾರುಗಳು ಉಬ್ಬಿ, ಮೀಸೆಯಂತೆ ಮೇಲೇಳುತ್ತವೆ. ಅವನ್ನು ಮತ್ತೆ ಹೆರೆಯುವುದು, ಮತ್ತೆ ಒದ್ದೆಮಾಡುವುದು, ಹೀಗೆ ಎರಡು ಮೂರು ಆವೃತ್ತಿ. ಈ ಕೆಲಸವನ್ನು ತಪ್ಪಿಸಿದರೆ ಬಣ್ಣದ ದ್ರವ ತಾಗಿದ ಕ್ಷಣವೇ ನಾರೆದ್ದು ಮೈಯೆಲ್ಲ ಒರಟಾಗುವುದು ಖಂಡಿತ. ಹೆರೆಯುವಿಕೆಯಿಂದ ಇನ್ನೊಂದು ಫಲವೂ ಇದೆ. ತಗಡು ಮೆತ್ತನೆಯ ಪಟ್ಟಿಯನ್ನೂ ಗಟ್ಟಿಯ ಪಟ್ಟಿಯನ್ನೂ ಒಂದೇ ಸಮನಾಗಿ ತಿನ್ನದೆ ಇರುವುದರಿಂದ ಹಳೆಯ ಕೋವಿಮರದ ಮೇಲೆ ಬೆರಳಾಡಿಸಿದರೆ ಅತಿ ಸಣ್ಣ ಅಲೆಗಳು ತಗಲುತ್ತವೆ. ಉಪ್ಪುಕಾಗದ ತಿಂದ ಮರದಲ್ಲಿ ಈ ಅಲೆ ಸಿಗುವುದಿಲ್ಲ. ಹಳೆಯ ಮೈ ಉಳಿದಿದೆಯೇ ಇಲ್ಲವೇ ಎಂಬುದಕ್ಕೆ ಕಣ್ಣಿಗಿಂತ ಬೆರಳು ಹೆಚ್ಚು ನಂಬುಗೆಯ ಸಾಕ್ಷಿ.

ಇನ್ನು ಬಣ್ಣ. ಕೋವಿಗೆಲಸದವರ ಪರಂಪರೆಯಲ್ಲಿ ಮೇಪಲ್ಲಿಗೆ ಹೇಳಿಮಾಡಿಸಿದ ದ್ರವ್ಯವೆಂದರೆ ‘ಆಕ್ವಾ ಫೋರ್ಟಿಸ್’. ಲ್ಯಾಟಿನ್ ಭಾಷೆಯ ಈ ಹೆಸರಿಗೆ ಬಲವಾದ ನೀರು ಎಂದರ್ಥ. ಈಗಿನ ರಸಾಯನಶಾಸ್ತ್ರದ ಹೆಸರು ನೈಟ್ರಿಕ್ ಆಮ್ಲ. ಪೆಟ್ಲುಪ್ಪನ್ನೂ ಅನ್ನಭೇದಿಯನ್ನೂ ಕೂಡಿಸಿ ಕಾಸಿ, ಏಳುವ ಹಬೆಯನ್ನು ತಣಿಸಿ ಇದನ್ನು ಭಟ್ಟಿಯಿಳಿಸುತ್ತಿದ್ದರು. ಅಕ್ಕಸಾಲೆಗಳು, ತಾಮ್ರದ ಹಲಗೆಯಲ್ಲಿ ಚಿತ್ರ ಕೊರೆಯುವವರು, ಟೋಪಿ ಮಾಡುವವರು ಮೊದಲಾದ ಅನೇಕ ಕಸಬಿನವರಿಗೆ ಇದು ನಿತ್ಯದ ಸಾಮಗ್ರಿ. ಇಲ್ಲೊಂದು ಸ್ವಾರಸ್ಯವಿದೆ. ಕೋವಿಯ ಮದ್ದಿನಲ್ಲಿ ಮುಕ್ಕಾಲುಪಾಲು ಇರುವುದು ಪೆಟ್ಲುಪ್ಪು. ಆ ಶತಮಾನದಲ್ಲಿ ಇಂಗ್ಲೆಂಡಿಗೆ ಬೇಕಾದ ಪೆಟ್ಲುಪ್ಪಿನ ಬಹುಭಾಗವನ್ನು ಈಸ್ಟ್ ಇಂಡಿಯಾ ಕಂಪೆನಿಯು ಬಿಹಾರ ಬಂಗಾಳಗಳಿಂದ ಸಾಗಿಸುತ್ತಿತ್ತು. ಕೋವಿಯ ಹೊಟ್ಟೆಯಲ್ಲಿ ಸಿಡಿಯುವ ಉಪ್ಪೂ ಅದರ ಮೈಗೆ ಬಣ್ಣ ಕೊಡುವ ಆಮ್ಲದ ಮೂಲವೂ ಒಂದೇ ಆದುವು.

ಈ ಆಮ್ಲವನ್ನು ಮರಕ್ಕೆ ಬಳಸುವ ವಿಚಾರ ಇಂಗ್ಲಿಷ್ ಕೈಕಸಬಿನ ಗ್ರಂಥಗಳಲ್ಲಿ ಸ್ಪಷ್ಟವಾಗಿಯೇ ಬಂದಿದೆ. ರಾಬರ್ಟ್ ಡಾಸಿ ಎಂಬವನು ೧೭೫೮ರಲ್ಲಿ ಪ್ರಕಟಿಸಿದ ‘ದಿ ಹ್ಯಾಂಡ್‌ಮೇಡ್ ಟು ದಿ ಆರ್ಟ್ಸ್’ ಎಂಬ ಗ್ರಂಥದಲ್ಲಿ ಬಿಳಿಯ ಮರಕ್ಕೆ ಹಳದಿ ಬಣ್ಣ ಕೊಡುವ ಉಪಾಯಗಳ ಪೈಕಿ ಇದೂ ಒಂದು. ಮರ ಬೆಚ್ಚಗಿರಬೇಕು, ಆಮ್ಲವನ್ನು ಹಚ್ಚಿದ ಕೂಡಲೇ ಬೆಂಕಿಗೆ ಹಿಡಿಯಬೇಕು, ಆಮ್ಲ ಅತಿ ತೀಕ್ಷ್ಣವಾಗಿದ್ದರೆ ಹಳದಿಗೆ ಬದಲಾಗಿ ಕಂದು, ಒಮ್ಮೊಮ್ಮೆ ಕಪ್ಪು ಬರುವುದು ಎಂಬುದು ಅವನ ಮಾತಿನ ಸಾರ. ಡಾಸಿಗೆ ದೋಷವಾಗಿ ತೋರಿದ ಕಂದನ್ನೇ ಕೋವಿಗೆಲಸದವರು ಗುಣವಾಗಿ ಮಾಡಿಕೊಂಡರು. ಅವರ ಪರಂಪರೆಯ ವಿಧಾನದಲ್ಲಿ ಆಮ್ಲಕ್ಕೆ ಸಾಕಷ್ಟು ನೀರು ಬೆರಸಿ, ಅದರಲ್ಲಿ ಕಬ್ಬಿಣದ ಅರದ ಪುಡಿಯನ್ನೋ ಚೂರುಗಳನ್ನೋ ಸ್ವಲ್ಪಸ್ವಲ್ಪವಾಗಿ ಹಾಕಿ ಕರಗಿಸುತ್ತಾರೆ. ಆಗ ದ್ರವ ಕುದಿದು, ಕೆಂಪುಗಂದಿನ ವಿಷದ ಹೊಗೆ ಏಳುತ್ತದೆ. ಬಯಲಿನಲ್ಲಲ್ಲದೆ ಮನೆಯೊಳಗೆ ಮಾಡತಕ್ಕ ಕೆಲಸವಲ್ಲ. ಕುದಿತ ನಿಂತ ಮೇಲೆ ಉಳಿಯುವುದು ಕಬ್ಬಿಣವನ್ನು ಕರಗಿಸಿಕೊಂಡ ದ್ರವ.

ಅದನ್ನು ಕುಂಚದಿಂದ ಕೋವಿಮರಕ್ಕೆಲ್ಲ ಸಮನಾಗಿ ಹಚ್ಚಿದಾಗ ಮರ ಅಂದಗೆಡುತ್ತದೆಯೇ ಹೊರತು ಚೆಲುವಾಗುವುದಿಲ್ಲ. ಹಸುರುಗಲಸಿದ ಮಂಕು ಹಳದಿಯೊಂದು ಮೈಯೆಲ್ಲ ಹರಡುತ್ತದೆ. ಮೊದಲ ಸಲ ನೋಡಿದವನು ತಿಂಗಳುಗಳ ಕೆಲಸ ಹಾಳಾಯಿತೆಂದೇ ಎಣಿಸಿಯಾನು. ಬಣ್ಣ ಹುಟ್ಟುವುದು ಮುಂದಿನ ಹೆಜ್ಜೆಯಲ್ಲಿ. ಕುಲುಮೆಯಲ್ಲಿ ಕೆಂಪಗೆ ಕಾಯಿಸಿದ ದಪ್ಪ ಕಬ್ಬಿಣದ ಸಲಾಕೆಯನ್ನು ಮರಕ್ಕೆ ತಾಗಿಸದೆ, ಒಂದೆರಡು ಅಂಗುಲ ದೂರದಲ್ಲಿ ಹಿಡಿದು, ನಿಲ್ಲಿಸದೆ ಸರಿಸುತ್ತ ಹೋಗಬೇಕು; ಅಥವಾ ಕೋವಿಮರವನ್ನೇ ಕೆಂಡದ ಮೇಲೆ ತಿರುಗಿಸುತ್ತಿರಬೇಕು. ಕಾವು ತಟ್ಟಿದ ಎಡೆಯಲ್ಲಿ ಹಸುರುಹಳದಿ ಇದ್ದಕ್ಕಿದ್ದಂತೆ ಹೊಂಬಣ್ಣಕ್ಕೂ ಅಲ್ಲಿಂದ ಕೆಂಪುಗಂದಿಗೂ ತಿರುಗುತ್ತದೆ. ಅಲೆಪಟ್ಟೆಗಳು ಒಂದೊಂದಾಗಿ ಎದ್ದು ಬರುತ್ತವೆ. ಇದರಲ್ಲಿ ಎರಡು ಕ್ರಿಯೆಗಳು ಸೇರಿವೆ. ಕಾವಿನಿಂದ ಕಬ್ಬಿಣದ ನೈಟ್ರೇಟು ಒಡೆದು, ತುಕ್ಕಿನ ಜಾತಿಯ ಕೆಂಪು ಭಸ್ಮವಾಗಿ ನಾರಿನ ನಡುವೆ ನಿಲ್ಲುತ್ತದೆ. ಆಮ್ಲದ ಶೇಷವು ಮರದ ದ್ರವ್ಯವನ್ನೇ ಸುಟ್ಟಂತೆ ಮಾಡಿ ಹಳದಿ ಕಂದುಗಳನ್ನು ಕೊಡುತ್ತದೆ. ಕಬ್ಬಿಣ ಕಡಮೆಯಾದರೆ ಬಣ್ಣ ಕಿತ್ತಳೆಯ ಕಡೆಗೂ ಹೆಚ್ಚಾದರೆ ಕಂದಿನ ಕಡೆಗೂ ವಾಲುತ್ತದೆ. ಕಾವು ಒಂದೆಡೆ ಹೆಚ್ಚು ಹೊತ್ತು ನಿಂತರೆ ಮರ ಕರಿಕಾಗುತ್ತದೆ. ಇದಕ್ಕೆಲ್ಲ ತೂಕವೂ ಅಳತೆಯೂ ಬರಹದಲ್ಲಿ ಸಿಕ್ಕಿಯಾವು. ಸಲಾಕೆಯನ್ನು ಎಷ್ಟು ಬೇಗ ಸರಿಸಬೇಕೆಂಬುದು ಮಾತ್ರ ಯಾವ ಗ್ರಂಥದಲ್ಲಿಯೂ ಸಿಕ್ಕುವಂತಹುದಲ್ಲ.

ಕಬ್ಬಿಣದಿಂದ ಬರುವ ಬಣ್ಣವೆಂದರೆ ನಮ್ಮ ನಾಡಿನವರ ನೆನಪಿಗೆ ಬರುವುದು ಕಪ್ಪೇ ಹೊರತು ಕೆಂಪುಗಂದಲ್ಲ. ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿಯನ್ನು ಬೆರಸಿ ಬರೆಯುವ ಶಾಯಿಯನ್ನು ಮಾಡುತ್ತಿದ್ದರಷ್ಟೆ. ಮಚಲೀಪಟ್ಟಣದ ಕಲಂಕಾರಿ ಬಟ್ಟೆಗಳ ಕಪ್ಪು ಗೆರೆಯೂ ಅಳಲೆಯಲ್ಲಿ ಅದ್ದಿದ ಬಟ್ಟೆಯ ಮೇಲೆ, ಬೆಲ್ಲದ ನೀರಿನಲ್ಲಿ ಹುಳಿಸಿದ ತುಕ್ಕುಕಬ್ಬಿಣದ ರಸದಿಂದ ಎಳೆದುದು. ಅಳಲೆಯ ಒಗರೂ ಕಬ್ಬಿಣವೂ ಕೂಡಿದಲ್ಲಿ ಕಪ್ಪು ಹುಟ್ಟುತ್ತದೆ. ಮೇಪಲ್ಲಿನಲ್ಲಿ ಆ ಒಗರು ಅತ್ಯಲ್ಪ. ಆದುದರಿಂದಲೇ ಅದೇ ಕಬ್ಬಿಣ ಅಲ್ಲಿ ಶಾಯಿಯಾಗದೆ ತುಕ್ಕಿನ ಕೆಂಪಾಗಿ ನಿಲ್ಲುತ್ತದೆ. ವಿನೆಗರ್ ಹುಳಿಯಲ್ಲಿ ಕಬ್ಬಿಣವನ್ನು ನೆನೆಸಿ ಮಾಡಿದ ದ್ರವವನ್ನು ಮೇಪಲ್ಲಿಗೆ ಹಚ್ಚಿದರೆ ಬೂದುಬಣ್ಣ ಬೆರೆತ ಮಂಕುಗಂದು ಬರುವುದೂ, ಒಗರು ಹೆಚ್ಚಾಗಿರುವ ಅಕ್ರೋಟಿಗೆ ಹಚ್ಚಿದರೆ ಕಪ್ಪಾಗುವುದೂ ಈ ಕಾರಣದಿಂದಲೇ.

ಆಮ್ಲವನ್ನು ಮರದಲ್ಲಿ ಹಾಗೆಯೇ ಬಿಟ್ಟರೆ ಅದು ಮೆರುಗಿನ ಅಡಿಯಲ್ಲಿಯೂ ಕೆಲಸ ಮಾಡುತ್ತಿದ್ದು, ವರ್ಷಗಳು ಕಳೆದಂತೆ ಬಣ್ಣವನ್ನು ಕಪ್ಪಾಗಿಸುತ್ತದೆ, ಕೆಲವೆಡೆ ಹಸುರು ಛಾಯೆಯನ್ನೂ ಬಿಡುತ್ತದೆ. ಬೂದಿಯ ನೀರಿನಂತಹ ಕ್ಷಾರದಿಂದ ತೊಳೆದರೆ ಆಮ್ಲ ಮುರಿಯುತ್ತದೆ. ಕ್ಷಾರ ಅತಿಯಾದರೆ ಅದೂ ಮರವನ್ನು ಕಪ್ಪಾಗಿಸುತ್ತದೆ. ಹೀಗೆ ಕೋವಿ ಮಾಡಿದವನ ಅಂಗಡಿಯಲ್ಲಿಯೇ, ಅವನ ಅರಿವಿಲ್ಲದೆ, ಮುಂದೆ ಬರಲಿರುವ ಕಡುಗಂದಿನ ಬೀಜ ಬಿದ್ದಿರಬಹುದು.

ಬಲವಾದ ನೀರೊಂದೇ ಬಣ್ಣದ ಮೂಲವೆಂದು ಹೇಳುವುದು ಸರಿಯಲ್ಲ. ಅದೇ ಡಾಸಿಯ ಗ್ರಂಥದಲ್ಲಿ ಅರಿಸಿನದ ರಸದಿಂದ ಹಳದಿಯನ್ನೂ, ಬ್ರೆಜಿಲ್ ಮರದ ಚಕ್ಕೆಗಳನ್ನು ಹಳೆಯ ಮೂತ್ರದಲ್ಲಿಯೋ ಬೂದಿಯ ಕ್ಷಾರ ಸೇರಿಸಿದ ನೀರಿನಲ್ಲಿಯೋ ನೆನೆಸಿದ ರಸದಿಂದ ಕೆಂಪನ್ನೂ ಪಡೆಯುವ ವಿಧಾನಗಳಿವೆ. ಈ ಬ್ರೆಜಿಲ್ ಮರವೆಂಬ ಹೆಸರು ಯೂರೋಪಿನಲ್ಲಿ ಮೊದಲು ನಮ್ಮ ಕಡೆಯ ಸಪ್ಪಂಗದ ಮರಕ್ಕೆ ಸಲ್ಲುತ್ತಿತ್ತು. ಅದರ ಬಂಧುವಾದ ಮರ ದಕ್ಷಿಣ ಅಮೆರಿಕದ ಕರಾವಳಿಯಲ್ಲಿ ಹೇರಳವಾಗಿ ಸಿಕ್ಕಿದ ಮೇಲೆ ಆ ಹೆಸರು ದೇಶಕ್ಕೇ ಅಂಟಿತು. ಅರಿಸಿನವಾಗಲಿ ಸಪ್ಪಂಗವಾಗಲಿ ಗಿಡಮರದ ಬಣ್ಣಗಳು. ಬಿಸಿಲಿಗೆ ಅವು ನಿಲ್ಲುವುದಿಲ್ಲ. ಅರಿಸಿನವಂತೂ ಬೇಗನೆ ಹಾರಿಹೋಗುತ್ತದೆ. ಕಬ್ಬಿಣದ ಭಸ್ಮ ಖನಿಜ. ಬಿಸಿಲು ಅದನ್ನು ಅಲುಗಿಸಲಾರದು.

ಈ ವ್ಯತ್ಯಾಸವನ್ನು ಚರಿತ್ರಕಾರನು ಮರೆಯಬಾರದು. ಉಳಿದಿರುವ ಕೋವಿಗಳಲ್ಲಿ ಕಬ್ಬಿಣದ ಕಂದೇ ಹೆಚ್ಚಾಗಿ ಕಾಣುತ್ತದೆಂಬುದರಿಂದ ಆ ಕಾಲದಲ್ಲಿ ಅದೇ ಹೆಚ್ಚಾಗಿ ಬಳಕೆಯಲ್ಲಿತ್ತೆಂದು ಹೇಳಲು ಬರುವುದಿಲ್ಲ. ಕೆಂಪು ಹಳದಿಗಳಿಂದ ಬೆಳಗುತ್ತಿದ್ದ ಕೋವಿಯೊಂದು ನೂರು ವರ್ಷ ಗೋಡೆಯ ಮೇಲಿದ್ದು ಬಣ್ಣಗಳೆದು, ಅದರ ಮೇಲೆ ಮಸಿಯೂ ಎಣ್ಣೆಯೂ ಕೂಡಿದರೆ, ಅದೂ ಕಂದಾಗಿಯೇ ತೋರುವುದು. ಓಲೆಗಳಲ್ಲಿ ಗೆದ್ದಲು ತಿಂದುದನ್ನು ಬಿಟ್ಟು ಉಳಿದುದನ್ನೇ ಒಂದು ಕಾಲದ ಸಮಗ್ರ ಸಾಹಿತ್ಯವೆಂದು ಎಣಿಸುವ ತಪ್ಪಿಗೂ ಇದಕ್ಕೂ ಬಹಳ ದೂರವಿಲ್ಲ.

ಅಲೆಪಟ್ಟೆಯಿಲ್ಲದ ಸಾದಾ ಮೇಪಲ್ಲಿಗೆ ಪಟ್ಟೆಯನ್ನು ಕೃತಕವಾಗಿ ಹಾಕುವ ಉಪಾಯವೂ ಹತ್ತೊಂಬತ್ತನೆಯ ಶತಮಾನದಲ್ಲಿ ರೂಢಿಗೆ ಬಂದಿತು. ಕಪ್ಪು ಬಣ್ಣದ ಗೆರೆಗಳನ್ನು ಬರೆಯುವುದು, ಮಸಿಹೊಗೆಯನ್ನು ಹಿಡಿಯುವುದು, ಡಾಂಬರು ಸವರಿದ ದಾರವನ್ನು ಸುತ್ತಿ ಉರಿಸುವುದು ಮುಂತಾದುವನ್ನು ಹೇಳುತ್ತಾರೆ. ಮರವನ್ನು ಬೆಳಕಿನಲ್ಲಿ ತಿರುಗಿಸಿದರೆ ನಿಜವಾದ ಪಟ್ಟೆ ಜಾಗ ಬದಲಿಸುತ್ತದೆ. ಬರೆದ ಪಟ್ಟೆ ಇದ್ದಲ್ಲಿಯೇ ಇರುತ್ತದೆ.

ಬಣ್ಣದ ಮೇಲೆ ಮೆರುಗು. ಇದರ ಮೂಲದ್ರವ್ಯ ಅಗಸೆಯ ಎಣ್ಣೆ. ಉತ್ತರ ಕರ್ನಾಟಕದ ಹೊಲಗಳಲ್ಲಿ ಎಣ್ಣೆಗಾಗಿ ಬೆಳೆಯುವ ಅಗಸೆಯನ್ನು ಪೆನ್ಸಿಲ್ವೇನಿಯದ ಜರ್ಮನ್ ರೈತರು ನಾರಿಗಾಗಿ ಬೆಳೆಯುತ್ತಿದ್ದರು. ಎಣ್ಣೆ ಅದರ ಬೀಜದಿಂದ ದೊರೆಯುತ್ತಿತ್ತು. ತೆಂಗಿನೆಣ್ಣೆಯನ್ನು ಮರಕ್ಕೆ ಸವರಿದರೆ ಎಷ್ಟು ದಿನವಾದರೂ ಜಿಡ್ಡಾಗಿಯೇ ಇರುತ್ತದೆ. ಅಗಸೆಯ ಎಣ್ಣೆ ಹಾಗಲ್ಲ. ಗಾಳಿಯ ಆಮ್ಲಜನಕವನ್ನು ಹೀರಿ, ತೂಕದಲ್ಲಿ ಹೆಚ್ಚಿ, ಗಟ್ಟಿಯಾದ ಪೊರೆಯಾಗುತ್ತದೆ. ಸೀಸದ ಭಸ್ಮವನ್ನು ಹಾಕಿ ಕಾಸಿದರೆ ಈ ಕ್ರಿಯೆ ಶೀಘ್ರವಾಗುತ್ತದೆ. ಬಿಸಿಲಿನಲ್ಲಿಟ್ಟರೆ ಇನ್ನೂ ಶೀಘ್ರ. ಅಂಗೈಯಿಂದ ತಿಕ್ಕಿ, ಹೆಚ್ಚಾದುದನ್ನು ಒರಸಿ, ಒಣಗಿಸಿ, ಮತ್ತೆ ತಿಕ್ಕುವ ಈ ಕೆಲಸದಲ್ಲಿ ತೆಳುವಾದ ಲೇಪಗಳೇ ಶ್ರೇಷ್ಠ. ದಪ್ಪವಾಗಿ ಬಳಿದರೆ ಮೇಲೆ ಪೊರೆ ಕಟ್ಟಿ ಒಳಗೆ ಅಂಟು ಉಳಿದು, ಮುಖವೆಲ್ಲ ನೆರಿಗೆಗಟ್ಟುತ್ತದೆ. ಎಣ್ಣೆಯಲ್ಲಿ ರಾಳವನ್ನೋ ಇತರ ಮರದಂಟುಗಳನ್ನೋ ಕರಗಿಸಿ ಕಾಸಿದರೆ ವಾರ್ನಿಷ್ ಆಗುತ್ತದೆ. ಬರಿಯ ಎಣ್ಣೆಗಿಂತ ಹೊಳಪಾದುದು, ಮಳೆಗೆ ಹೆಚ್ಚು ತಡೆಯುವಂತಹುದು.

ಇನ್ನೊಂದು ಬಗೆಯ ವಾರ್ನಿಷ್ ಅರಗಿನದು. ಚನ್ನಪಟ್ಟಣದ ಆಟಿಕೆಗಳ ಮೇಲೆ ಕಾವಿನಿಂದ ಹತ್ತಿಸುವ ಅರಗನ್ನೇ ಯೂರೋಪಿನವರು ಮದ್ಯಸಾರದಲ್ಲಿ ಕರಗಿಸಿ ಕುಂಚದಿಂದ ಬಳಿಯುತ್ತಿದ್ದರು. ೧೬೮೮ರಲ್ಲಿಯೇ ಸ್ಟಾಕರ್ ಮತ್ತು ಪಾರ್ಕರ್ ಎಂಬವರು ವಾರ್ನಿಷಿನ ಕೆಲಸವನ್ನು ಕುರಿತು ಇಂಗ್ಲಿಷಿನಲ್ಲಿ ಬರೆದ ಗ್ರಂಥದಲ್ಲಿ ಇದರ ಪ್ರಶಂಸೆಯಿದೆ. ಅರಗು ಅವರಿಗೆ ಹಿಂದೂದೇಶದಿಂದ ಬರುತ್ತಿದ್ದ ಸರಕು. ಆದರೆ ಅರಗಿನ ಪೊರೆ ತೇವ ತಾಗಿದರೆ ಬೆಳ್ಳಗಾಗುವ ಸ್ವಭಾವದ್ದು. ಮನೆಯೊಳಗಿನ ಮೇಜು ಪೆಟ್ಟಿಗೆಗಳಿಗೆ ಒಪ್ಪುವ ಈ ಮೆರುಗು ಮಳೆ ಹಿಮಗಳಲ್ಲಿ ಅಲೆಯುವ ಬೇಟೆಗಾರನ ಕೋವಿಗೆ ಎಣ್ಣೆಯ ವಾರ್ನಿಷಿನಷ್ಟು ಹೊಂದುವುದಿಲ್ಲವೆಂಬುದು ದ್ರವ್ಯಗುಣದಿಂದಲೇ ತಿಳಿಯುತ್ತದೆ.

ಈ ಕ್ರಮದಲ್ಲಿ ಸಿದ್ಧವಾದ ಹೊಸ ಕೋವಿಯ ಬಣ್ಣ ಹೇಗಿರುತ್ತದೆ? ಹಳೆಯ ಪದ್ಧತಿಯನ್ನು ಅನುಸರಿಸಿ ಮಾಡಿದ ಕೋವಿಗಳಿಂದ ಇದಕ್ಕೆ ಉತ್ತರ ದೊರೆಯುತ್ತದೆ. ವರ್ಜೀನಿಯದ ವಿಲಿಯಮ್ಸ್‌ಬರ್ಗಿನಲ್ಲಿ ಹದಿನೆಂಟನೆಯ ಶತಮಾನದ ಪಟ್ಟಣವನ್ನೇ ಪುನಃ ಕಟ್ಟಿ ಉಳಿಸಿದ್ದಾರೆ. ಅಲ್ಲಿನ ಕೋವಿಯ ಕಮ್ಮಟದಲ್ಲಿ ವ್ಯಾಲೆಸ್ ಗಸ್ಲರ್ ಎಂಬವನು ೧೯೬೫ರಲ್ಲಿ ನಳಿಗೆ, ಚಕಮಕಿಯ ಯಂತ್ರ, ಮರ ಎಲ್ಲವನ್ನೂ ಹಳೆಯ ಕೈಸಲಕರಣೆಗಳಿಂದಲೇ ಮಾಡಿ ಒಂದು ಕೋವಿಯನ್ನು ಪೂರ್ತಿಗೊಳಿಸಿದನು. ೧೯೬೯ರಲ್ಲಿ ಈ ಕೆಲಸವನ್ನು ಕುರಿತ ಚಲಚ್ಚಿತ್ರವೂ ಹೊರಬಂದಿತು. ಅಲ್ಲಿಂದೀಚೆಗೆ ಈ ಕಸಬನ್ನು ಕೈಗೊಂಡವರು ಅನೇಕರು. ಬಲವಾದ ನೀರಿನಿಂದ ಬಣ್ಣವೇರಿಸಿ, ಆಮ್ಲವನ್ನು ಮುರಿದು, ಎಣ್ಣೆಯ ವಾರ್ನಿಷ್ ಹಚ್ಚಿದ ಅಲೆಪಟ್ಟೆಯ ಮೇಪಲ್ ಜೇನಿನ ಹೊಂಬಣ್ಣದಿಂದ ಕೆಂಪುಗಂದಿನವರೆಗೆ ಬೆಳಗುತ್ತದೆ. ಪಟ್ಟೆಗಳು ಎರಡು ಮಾರು ದೂರದಿಂದಲೇ ಎಣಿಸುವಂತಿರುತ್ತವೆ. ವಸ್ತುಸಂಗ್ರಹಾಲಯದ ಕಡುಗಂದಿನ ಪಕ್ಕದಲ್ಲಿಟ್ಟರೆ ಅದು ತೀರ ಶೋಕಿಯಾಗಿ ಕಂಡು, ಹಳಬರಿಗೆ ಮೊದಮೊದಲು ಕಣ್ಣು ಕುಕ್ಕಿದುದು ಆಶ್ಚರ್ಯವಲ್ಲ. ಆದರೆ ಹಿತ್ತಾಳೆಯ ತಗಡುಗಳನ್ನೂ ಬೆಳ್ಳಿಯ ನಕ್ಷತ್ರಗಳನ್ನೂ ಕೂರಿಸಿ, ಬಳ್ಳಿಗಳನ್ನು ಕೆತ್ತಿ, ಆರಿಸಿ ಆರಿಸಿ ಪಟ್ಟೆಯ ಮರವನ್ನು ತಂದ ಕಸಬುದಾರನು ಕೊನೆಗೆ ಎಲ್ಲವನ್ನೂ ಕಡುಗಂದಿನಲ್ಲಿ ಅಡಗಿಸಿದನೆಂಬುದಕ್ಕಿಂತ, ಬೆಳಗುವಂತೆ 
ಬಿಟ್ಟನೆಂಬುದೇ ಹೆಚ್ಚು ಸಂಭಾವ್ಯ. ಕೋವಿ ಬೇಟೆಯ ಸಾಧನವೆಂಬುದೇನೋ ನಿಜ. ಅದು ಅದರ ಒಡೆಯನ ಮನೆಯಲ್ಲಿದ್ದ ಅತಿ ಬೆಲೆಯುಳ್ಳ ವಸ್ತುಗಳಲ್ಲೊಂದು ಎಂಬುದೂ ನಿಜ.

ಆ ಬೆಳಗು ಮಾಸಿದ ಬಗೆಯನ್ನು ಊಹಿಸಲು ಕಷ್ಟವಿಲ್ಲ. ಎಣ್ಣೆಯ ಪೊರೆ ವಯಸ್ಸಾದಂತೆ ಹಳದಿಯಾಗಿ ಕಂದಾಗುತ್ತದೆ. ಒಡೆಯನು ಕಾಲಕಾಲಕ್ಕೆ ಕೈಗೆ ಸಿಕ್ಕಿದ ಎಣ್ಣೆಯನ್ನೋ ಕೊಬ್ಬನ್ನೋ ಸವರಿದಾಗ ಒಲೆಯ ಹೊಗೆಯೂ ಧೂಳೂ ಅದರಲ್ಲಿ ಸಿಕ್ಕಿಕೊಳ್ಳುತ್ತವೆ. ಮದ್ದು ಉರಿದು ಉಳಿಯುವ ಕಿಟ್ಟವು ಕ್ಷಾರಗುಣವುಳ್ಳದ್ದಾಗಿ, ತೇವವನ್ನು ಹೀರಿ, ವಾರ್ನಿಷನ್ನು ತಿನ್ನುತ್ತದೆ. ಚಕಮಕಿಯ ಯಂತ್ರದ ಸುತ್ತಣ ಮರ ಕಪ್ಪಾಗಿರುವುದಕ್ಕೆ ಇದೂ, ಯಂತ್ರದ ತುಕ್ಕೂ ಕಾರಣ. ಹೊಸ ಕೋವಿಗಳನ್ನು ಮಾಡುವ ಕೆಲವರು ಈ ಕಪ್ಪನ್ನೂ ಬೇಕೆಂದೇ ಹಚ್ಚಿ ಹಳೆಯದರಂತೆ ತೋರಿಸುವುದುಂಟು. ಕೇಳಿ ಕೊಂಡುಕೊಂಡವನಿಗೆ ಅದರಿಂದ ಮೋಸವೇನೂ ಇಲ್ಲ. ಇನ್ನೂರು ವರ್ಷಗಳ ತರುವಾಯ ಅದನ್ನು ಪರೀಕ್ಷಿಸುವವನ ಪಾಡು ಬೇರೆ.

ಈ ವಿಷಯದಲ್ಲಿ ವಿದ್ವಾಂಸರ ಗ್ರಂಥಗಳೂ ಬಹುಕಾಲ ನೆರವಾಗಲಿಲ್ಲ. ನೀಳ್ಗೋವಿಯನ್ನು ಕುರಿತ ಮೊದಲ ದೊಡ್ಡ ಗ್ರಂಥವಾದ ಡಿಲಿನ್ನನ ‘ದಿ ಕೆಂಟಕಿ ರೈಫಲ್’ ಪ್ರಕಟವಾದುದು ೧೯೨೪ರಲ್ಲಿ. ಜೋ ಕಿಂಡಿಗ್ಗನ ಗ್ರಂಥ ೧೯೬೦ರಲ್ಲಿ. ಜಾರ್ಜ್ ಷಮ್‌ವೇಯ ‘ರೈಫಲ್ಸ್ ಆಫ್ ಕಲೋನಿಯಲ್ ಅಮೆರಿಕ’ ೧೯೮೦ರಲ್ಲಿ. ಲ್ಯಾಂಕಾಸ್ಟರಿನ ಜೇಕಬ್ ಡಿಕರ್ಟ್ (೧೭೪೦–೧೮೨೨), ಮೊರೇವಿಯನ್ ಪಂಥದವರ ಕ್ರಿಶ್ಚಿಯನ್ಸ್ ಸ್ಪ್ರಿಂಗ್ ಊರಿನ ಕ್ರಿಶ್ಚಿಯನ್ ಅರ್ಟರ್ ಮೊದಲಾದವರ ಕೈಚಳಕವನ್ನು ಗುರುತಿಸುವುದು ಇಂತಹ ಪರಿಶ್ರಮದಿಂದಲೇ ಸಾಧ್ಯವಾಯಿತು. ಕೆತ್ತನೆಯ ಗೆರೆ, ಹಿತ್ತಾಳೆಯ ಆಕಾರ, ಮರದ ಬಾಗು ಇವು ಕಪ್ಪುಬಿಳುಪಿನ ಚಿತ್ರಗಳಲ್ಲಿ ಚೆನ್ನಾಗಿ ಬರುತ್ತವೆ, ಬಣ್ಣ ಬರುವುದಿಲ್ಲ. ಆದುದರಿಂದ ಹಳೆಯ ಚಿತ್ರಗಳಿಂದ ಕಲಿತ ಒಂದು ತಲೆಮಾರು ಆಕಾರದಲ್ಲಿ ಪಂಡಿತರಾಗಿ, ಬಣ್ಣದ ವಿಷಯದಲ್ಲಿ ಕೇಳಿದುದನ್ನು ನಂಬಿಕೊಂಡಿತು.

ಇದಕ್ಕಿಂತ ಹೆಚ್ಚಿನ ಹಾನಿಯನ್ನು ಮಾಡಿದುದು ಶುದ್ಧಿಮಾಡುವ ಉತ್ಸಾಹ. ಹಳೆಯ ಕೋವಿಗಳಿಗೆ ಬೆಲೆ ಬಂದ ಮೇಲೆ, ಮಾಸಿದ ಮರದ ಅಡಿಯಲ್ಲಿ ಪಟ್ಟೆಯಿದೆಯೆಂದು ತಿಳಿದವರು ತೀಕ್ಷ್ಣವಾದ ಕ್ಷಾರದಿಂದ ತೊಳೆದು, ಉಪ್ಪುಕಾಗದದಿಂದ ಉಜ್ಜಿ, ಹೊಸ ಎಣ್ಣೆಯನ್ನು ತಿಕ್ಕಿದರು. ಕೊಳೆಯೊಂದಿಗೆ ವಾರ್ನಿಷೂ ಹೋಯಿತು, ಹೆರೆದ ತಗಡಿನ ಅಲೆಯೂ ಹೋಯಿತು. ಹೀಗೆ ಒಂದೇ ವಸ್ತುವಿನ ಮೇಲೆ ಪರಸ್ಪರ ವಿರುದ್ಧವಾದ ಎರಡು ತಪ್ಪುಗಳು ಕೂಡಿದುವು. ಒಬ್ಬನು ಕೊಳೆಯನ್ನು ಮೂಲವೆಂದು ಪೂಜಿಸಿದನು. ಇನ್ನೊಬ್ಬನು ಮೂಲವನ್ನು ಕೊಳೆಯೆಂದು ತೊಳೆದನು. ಪ್ರಕ್ಷೇಪವನ್ನು ಕವಿಯದೆಂದು ಉಳಿಸಿಕೊಂಡ ಸಂಪಾದಕನ ತಪ್ಪನ್ನು ಮುಂದಿನವನು ತಿದ್ದಬಹುದು. ಕವಿಯ ಪದ್ಯವನ್ನು ಪ್ರಕ್ಷೇಪವೆಂದು ಕಿತ್ತು, ಪ್ರತಿಯನ್ನೂ ಸುಟ್ಟವನ ತಪ್ಪನ್ನು ಯಾರೂ ತಿದ್ದಲಾರರು.

ಉಳಿದ ಸಾಕ್ಷ್ಯ ಎಲ್ಲಿದೆ ಎಂದರೆ ಕೈಯೂ ಬಟ್ಟೆಯೂ ತಲಪದ ಸಂದುಗಳಲ್ಲಿ: ಕೆತ್ತಿದ ಬಳ್ಳಿಗಳ ತಗ್ಗಿನಲ್ಲಿ, ಯಂತ್ರದ ಎದುರುಬದಿಯ ಹಿತ್ತಾಳೆಯ ತಗಡಿನ ಅಡಿಯಲ್ಲಿ, ಎಣ್ಣೆಬಟ್ಟೆಯ ತುಂಡುಗಳನ್ನು ಇಡಲು ಕೋವಿಮರದ ಬಲಮಗ್ಗುಲಲ್ಲಿ ಕೊರೆದ ಗೂಡಿನ ಮುಚ್ಚಳದ ಅಂಚಿನಲ್ಲಿ. ತಗ್ಗಿನಲ್ಲಿ ವಾರ್ನಿಷ್ ದಪ್ಪವಾಗಿ ನಿಲ್ಲುತ್ತದೆ. ಕೊಳೆಯೂ ಅಲ್ಲಿಯೇ ನಿಲ್ಲುತ್ತದೆ. ಬರಿಗಣ್ಣಿಗೆ ಇವೆರಡೂ ಒಂದೇ. ಆದುದರಿಂದ ಹಳೆಯ ಮರಗೆಲಸವನ್ನು ಸಂರಕ್ಷಿಸುವವರು ಈಗ ಸಾಸುವೆಯ ಕಾಳಿಗಿಂತ ಚಿಕ್ಕದಾದ ಚೂರೊಂದನ್ನು ತೆಗೆದು, ಅಡ್ಡಲಾಗಿ ಕತ್ತರಿಸಿ, ಅತಿನೇರಳೆ ಕಿರಣದ ಬೆಳಕಿನಲ್ಲಿ ಸೂಕ್ಷ್ಮದರ್ಶಕದಿಂದ ನೋಡುತ್ತಾರೆ. ಅರಗು ಆ ಬೆಳಕಿನಲ್ಲಿ ಕಿತ್ತಳೆಯಾಗಿ ಹೊಳೆಯುತ್ತದೆ. ಇತರ ಮರದಂಟುಗಳ ವಾರ್ನಿಷ್ ಹಸುರುಬಿಳುಪಾಗಿ ತೋರುತ್ತದೆ. ಮಸಿ ಹೊಳೆಯುವುದೇ ಇಲ್ಲ. ಕೆಡದೆ ಉಳಿದ ಕೋವಿಯ ಚೂರಿನಲ್ಲಿ ತಳದಿಂದ ಮೇಲಕ್ಕೆ ಮೇಪಲ್ಲಿನ ನಾರು, ನಾರಿನೊಳಗೆ ಕಬ್ಬಿಣದ ಕೆಂಪು, ಅದರ ಮೇಲೆ ಮೊದಲ ವಾರ್ನಿಷ್, ಆ ಬಳಿಕ ಮಸಿಯ ಕಪ್ಪು ಗೆರೆ, ಕೊನೆಗೆ ಬೇರೆ ಬೇರೆ ಕಾಲದ ಎಣ್ಣೆಗಳು ಈ ಅನುಕ್ರಮದಲ್ಲಿ ಕಾಣಸಿಕ್ಕಬೇಕು. ಕ್ಷಾರದಿಂದ ತೊಳೆದು ಉಜ್ಜಿದ ಮರದಿಂದ ತೆಗೆದ ಚೂರಿನಲ್ಲಿ ಸಿಕ್ಕುವುದು ನಾರು ಮತ್ತು ಅದರ ಮೇಲೆ ನೇರವಾಗಿ ಕುಳಿತ ಹೊಸ ಎಣ್ಣೆ, ಎರಡೇ.